ನೋಕಿಯಾ ಹೊಸ ಫ್ಲ್ಯಾಗ್‌ಶಿಪ್ ಬರುತ್ತಂತೆ: ಕೋಲಾರದವರು ಏನು ನೋಡಿ ಕಾಯಬೇಕು? (ಅಡ್ಡಹೆಸರುಗಳಲ್ಲಿ ನಡೆದ ಆನ್‌ಲೈನ್ ಚರ್ಚೆ)

ಅಂತರಗಂಗೆ ಮೆಟ್ಟಿಲು:

ನೋಕಿಯಾ ಹೆಸರಲ್ಲಿ ಎರಡು ಫ್ಲ್ಯಾಗ್‌ಶಿಪ್, ಅಂದ್ರೆ ಮೇಲ್ದರ್ಜೆಯ, ಫೋನ್ ಬರುತ್ತವಂತೆ ಅನ್ನೋ ಸುದ್ದಿ ಮತ್ತೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ. 200 ಮೆಗಾಪಿಕ್ಸೆಲ್ ಕ್ಯಾಮೆರಾ, 8000 ಎಂಎಎಚ್ ಬ್ಯಾಟರಿ, ಜರ್ಮನಿಯ ಜೈಸ್ ಕಂಪನಿಯ ಲೆನ್ಸ್, ದಪ್ಪ ಮಾತ್ರ 7 ಮಿ.ಮೀ. ಡೂಂ ಲೈಟ್ ಸರ್ಕಲ್ ಕಡೆ ಅಂಗಡಿಗಳಲ್ಲಿ ಯಾವಾಗ ಬರುತ್ತೆ ಅಂತ ವಿಚಾರಿಸೋರೂ ಇದ್ದಾರೆ. ಆಸೆ ಪಡೋದು ತಪ್ಪಲ್ಲ. ಆದ್ರೆ ಮೊದಲು ಒಂದು ಗಂಟು ಬಿಡಿಸಬೇಕು: ಈ ಫೋನ್ ಮಾಡೋದು ಯಾರು?

ಫಿನ್‌ಲ್ಯಾಂಡಿನ ನೋಕಿಯಾ ಕಂಪನಿ ಈಗ ಟವರು, ನೆಟ್‌ವರ್ಕ್ ಉಪಕರಣಗಳ ಕಂಪನಿ. ಅದರ ಫೋನ್ ವ್ಯಾಪಾರ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೈಗೆ ಹೋಯ್ತು. 2016ರ ಮೇ ತಿಂಗಳಲ್ಲಿ ಎಚ್‌ಎಂಡಿ ಗ್ಲೋಬಲ್ ಅನ್ನೋ ಕಂಪನಿಗೆ ಫೋನ್ ಮೇಲೆ ನೋಕಿಯಾ ಹೆಸರು ಹಾಕೋ ಹಕ್ಕು ಸಿಕ್ತು, 10 ವರ್ಷದ ಮಾತಿಗೆ. 2024ರ ಜನವರಿಯಲ್ಲಿ ಎಚ್‌ಎಂಡಿ ತನ್ನ ಹೆಸರಲ್ಲೇ ಫೋನ್ ತರ್ತೀನಿ ಅಂತ ಹೇಳಿ, ಅದೇ ವರ್ಷ ಪಲ್ಸ್, ಕ್ರೆಸ್ಟ್, ಸ್ಕೈಲೈನ್ ಅನ್ನೋ ಫೋನ್‌ಗಳನ್ನ ತಂತು.

ನಮ್ಮ ಜಿಲ್ಲೆಯವರಿಗೆ ಇದು ಅರ್ಥವಾಗೋದು ಕಷ್ಟ ಅಲ್ಲ. ನರಸಾಪುರದಲ್ಲಿ ಐಫೋನ್ ಜೋಡಿಸೋ ಕಾರ್ಖಾನೆ ಮೊದಲು ವಿಸ್ಟ್ರಾನ್‌ದು, 2023ರಿಂದ ಟಾಟಾದು. ಹೆಸರು ಮಾತ್ರ ಆ್ಯಪಲ್‌ದು. ಆದ್ರೆ ಅಲ್ಲಿ ನಕ್ಷೆ, ಸಾಫ್ಟ್‌ವೇರ್, ಜವಾಬ್ದಾರಿ ಎಲ್ಲ ಆ್ಯಪಲ್‌ನದೇ. ನೋಕಿಯಾ ವಿಷಯದಲ್ಲಿ ಹೆಸರಿನ ಯಜಮಾನ ಒಬ್ಬ, ಫೋನಿನ ಜವಾಬ್ದಾರಿ ಹೊತ್ತೋನು ಇನ್ನೊಬ್ಬ. ಅಪ್‌ಡೇಟ್, ಬಿಡಿಭಾಗ, ವಾರಂಟಿ ಎಲ್ಲದಕ್ಕೂ ಆ ಎರಡನೇಯವನನ್ನೇ ಕೇಳಬೇಕು. ಸುದ್ದಿ ನಿಜವೇ ಆದ್ರೂ ಡಬ್ಬಿ ಹಿಂದಿನ ಸಣ್ಣ ಅಕ್ಷರದಲ್ಲಿ ತಯಾರಕರು, ಆಮದುದಾರರು ಯಾರು ಅಂತ ಮೊದಲು ಓದಿ.

ಮಾವಿನತೋಪು:

ಹಾಗಾದ್ರೆ ಈಗ ಬರ್ತಿರೋ ಫೋಟೋಗಳೆಲ್ಲ ಸುಳ್ಳಾ ಅಣ್ಣ? ಫೋನಿನ ವೇಗ ಅಳೆಯೋ ಗೀಕ್‌ಬೆಂಚ್ ಆ್ಯಪ್‌ನಲ್ಲಿ ಅಂಕ ಬಂದಿದೆ ಅಂತ ಒಂದು ಸ್ಕ್ರೀನ್‌ಶಾಟ್ ಕೂಡ ಹರಿದಾಡ್ತಿದೆ.

ಬಂಗಾರಪೇಟೆ ಕೌಂಟರ್:

ಗೀಕ್‌ಬೆಂಚ್ ಸ್ಕ್ರೀನ್‌ಶಾಟನ್ನ ಸಾಕ್ಷಿ ಅಂತ ತಗೋಬೇಡಿ. ರೂಟ್ ಮಾಡಿದ, ಅಂದ್ರೆ ಸಿಸ್ಟಂನ ಬೀಗ ತೆಗೆದ, ಯಾವ ಆಂಡ್ರಾಯ್ಡ್ ಫೋನಲ್ಲಾದ್ರೂ ಸಿಸ್ಟಂ ಕಡತದಲ್ಲಿ ಮಾದರಿ ಹೆಸರು ಬದಲಾಯಿಸಿ, ಪರೀಕ್ಷೆ ಓಡಿಸಿದ್ರೆ ಬೇಕಾದ ಹೆಸರಲ್ಲಿ ಅಂಕ ದಾಖಲಾಗುತ್ತೆ. ಐದು ನಿಮಿಷದ ಕೆಲಸ. ಫೋಟೋಗಳಂತೂ ಹೆಚ್ಚಿನವು ಅಭಿಮಾನಿಗಳು ಕಂಪ್ಯೂಟರಲ್ಲಿ ಬಿಡಿಸಿದವು. ನೋಕಿಯಾದ ಹಳೇ ಎನ್ ಸರಣಿ ಫೋನ್‌ಗಳ ಹೆಸರಿಟ್ಟು ಪ್ರತಿ ವರ್ಷ ಹೊಸದು ಬರುತ್ತೆ.

ಸುಳ್ಳು ಹೇಳೋಕೆ ಕಷ್ಟವಾಗೋ ದಾಖಲೆ ಬೇರೆ ಇದೆ. ಭಾರತದಲ್ಲಿ ಮಾರೋ ಪ್ರತಿ ಮೊಬೈಲ್‌ಗೂ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿ ಬೇಕು. ಒಳಗಿನ ಬ್ಯಾಟರಿಗೂ, ಚಾರ್ಜರ್‌ಗೂ ಬೇರೆ ಬೇರೆ ನೋಂದಣಿ. ಬಿಐಎಸ್ ಕೇರ್ ಆ್ಯಪ್ ತೆಗೆದು, ಆರ್ ಸಂಖ್ಯೆ ಪರಿಶೀಲಿಸೋ ಕಡೆ ಆರ್ ಅಕ್ಷರದಿಂದ ಶುರುವಾಗೋ ಸಂಖ್ಯೆ ಹಾಕಿದ್ರೆ ತಯಾರಿಕಾ ಘಟಕದ ಹೆಸರು, ಊರು, ಬ್ರ್ಯಾಂಡ್, ನೋಂದಣಿ ಚಾಲ್ತಿಯಲ್ಲಿದೆಯಾ ಅನ್ನೋದು ಬರುತ್ತೆ. ಎಚ್‌ಎಂಡಿ ಕಾಲದ ನೋಕಿಯಾಗಳಿಗೆ ಮಾದರಿ ಸಂಖ್ಯೆ ‘ಟಿಎ’ ಅಂತ ಶುರುವಾಗಿ ನಾಲ್ಕು ಅಂಕಿ ಇರ್ತಿತ್ತು. ಸುದ್ದಿಯಲ್ಲಿ ಮಾದರಿ ಸಂಖ್ಯೆಯೇ ಇಲ್ಲ ಅಂದ್ರೆ ಆ ಸುದ್ದಿಯನ್ನ ಅಲ್ಲಿಗೇ ಬಿಡಿ. ಮಾದರಿ ಸಂಖ್ಯೆ ಬಿಐಎಸ್ ಪಟ್ಟಿಯಲ್ಲಿ ಸಿಕ್ತು ಅಂದ್ರೆ ಆಗ ಕಿವಿ ನೆಟ್ಟಗೆ ಮಾಡಿ. ನೋಂದಣಿ ಆದದ್ದೆಲ್ಲ ಅಂಗಡಿಗೆ ಬಂದೇ ಬರುತ್ತೆ ಅಂತಲ್ಲ, ಆದ್ರೆ ನೋಂದಣಿ ಇಲ್ಲದೆ ಅಂಗಡಿಗೆ ಬರೋಕಂತೂ ಆಗಲ್ಲ.

ಯಾರಾದ್ರೂ ‘ಮುಂಗಡ ಕೊಟ್ರೆ ಮೊದಲ ಪೀಸ್ ನಿಮಗೇ’ ಅಂದ್ರೆ ಒಂದು ರೂಪಾಯಿಯೂ ಕೊಡಬೇಡಿ. ಘೋಷಣೆಯೇ ಆಗದ ಮಾಲಿಗೆ ಬಿಲ್ಲು ಬರೆಯೋಕೆ ಯಾವ ಅಂಗಡಿಗೂ ಆಗಲ್ಲ.

ಬೆಸುಗೆಮೇಜು:

7 ಮಿ.ಮೀ. ದಪ್ಪದಲ್ಲಿ 8000 ಎಂಎಎಚ್. ಲೆಕ್ಕ ಹಾಕೋಣ.

8 ಆಂಪಿಯರ್-ಅವರ್‌ನ 3.85 ವೋಲ್ಟ್‌ನಿಂದ ಗುಣಿಸಿದ್ರೆ 30.8 ವಾಟ್-ಅವರ್. ಗ್ರಾಫೈಟ್ ಸೆಲ್ ಒಂದು ಲೀಟರ್ ಜಾಗಕ್ಕೆ ಸುಮಾರು 700ರಿಂದ 750 ವಾಟ್-ಅವರ್ ಹಿಡಿಸುತ್ತೆ, ಹೊಸ ಸಿಲಿಕಾನ್-ಕಾರ್ಬನ್ ಸೆಲ್ 800 ದಾಟುತ್ತೆ. 820 ಅಂತ ಇಟ್ಕೊಂಡ್ರೂ 37.6 ಘನ ಸೆಂ.ಮೀ. ಜಾಗ ಬೇಕು. ಫೋನಿನ ಒಳಗೆ ಬೋರ್ಡು, ಕ್ಯಾಮೆರಾ, ಸ್ಪೀಕರ್ ಬಿಟ್ಟು ಬ್ಯಾಟರಿಗೆ 65 ಚದರ ಸೆಂ.ಮೀ. ಸಿಕ್ತು ಅಂದ್ರೂ ಸೆಲ್ಲೊಂದೇ 5.8 ಮಿ.ಮೀ. ಅದರ ಮೇಲೆ ಪರದೆ, ನಡುವಿನ ಚೌಕಟ್ಟು, ಹಿಂಬದಿ ಗಾಜು, ಜೊತೆಗೆ ಸೆಲ್ ಉಬ್ಬೋಕೆ ಬಿಡೋ ಕೂದಲೆಳೆ ಸಂದು. ಒಟ್ಟು 8ರ ಹತ್ತಿರ ಹೋಗುತ್ತೆ. ಈಗ ಮಾರುಕಟ್ಟೆಯಲ್ಲಿರೋ 8000ದ ಫೋನ್‌ಗಳೂ 8 ಮಿ.ಮೀ. ಆಸುಪಾಸಲ್ಲೇ ಇವೆ. 7 ಮಿ.ಮೀ.ನಲ್ಲಿ ಅದೂ ಬೇಕು, 200 ಮೆಗಾಪಿಕ್ಸೆಲ್ ಸೆನ್ಸರೂ ಬೇಕು ಅಂದ್ರೆ ನಂಬೋ ಮಾತಲ್ಲ.

ಇನ್ನೊಂದು ಮಿತಿ ಕಾನೂನಿಂದು. ಒಂದೇ ಸೆಲ್‌ನಲ್ಲಿ 20 ವಾಟ್-ಅವರ್ ದಾಟಿದ್ರೆ ಸಾಗಣೆ ನಿಯಮದಲ್ಲಿ ಅದು ಪೂರ್ತಿ ಅಪಾಯಕಾರಿ ಸರಕಿನ ಲೆಕ್ಕಕ್ಕೆ ಬರುತ್ತೆ. 5200 ಎಂಎಎಚ್ ಅಂದ್ರೆ ಹೆಚ್ಚುಕಮ್ಮಿ 20. ಅದಕ್ಕೇ ಒಂದೇ ಫೋನು ಚೀನಾದಲ್ಲಿ ದೊಡ್ಡ ಬ್ಯಾಟರಿ, ಯುರೋಪಲ್ಲಿ ಚಿಕ್ಕ ಬ್ಯಾಟರಿ ಹೊತ್ತು ಬರೋದು, ಇಲ್ಲಾಂದ್ರೆ ಎರಡು ಸೆಲ್ ಜೋಡಿಸೋದು. ಸುದ್ದಿಯಲ್ಲಿ ಎಂಎಎಚ್ ಕಂಡ್ರೆ ಅದು ಯಾವ ದೇಶದ ಮಾದರಿ ಅಂತ ಕೇಳಿ.

ಬಿಎಲ್5ಸಿ:

ಲೆಕ್ಕ ಒಪ್ಪಿದೆ. ಆದ್ರೆ ಈ ಹೆಸರಿಗೆ ಜನ ಯಾಕೆ ಕಾಯ್ತಾರೆ ಅನ್ನೋದನ್ನೂ ಹೇಳಬೇಕಲ್ವಾ. ಬರೀ ಹಳೇ ನೆನಪು ಅಂತ ತಳ್ಳಿಹಾಕೋದು ಸರಿಯಲ್ಲ.

2003ರ ನೋಕಿಯಾ 1100 ತಗೊಳ್ಳಿ. 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು. ಅದರ ಕೀಪ್ಯಾಡ್ ಬಿಡಿಬಿಡಿ ಗುಂಡಿಗಳದ್ದಲ್ಲ, ಒಂದೇ ಹಾಳೆಯಾಗಿ ಅಚ್ಚು ಹಾಕಿದ್ದು, ಹಾಗಾಗಿ ಗುಂಡಿ ಸಂದಿಯಿಂದ ಧೂಳು ಒಳಗಿಳಿಯೋಕೆ ದಾರಿ ಇಲ್ಲ. ಪಕ್ಕ ಜಾರದಂತೆ ಹಿಡಿತ, ನೆತ್ತಿ ಮೇಲೆ ಟಾರ್ಚು. ಮೂರೂ ನಮ್ಮಂಥ ಊರು ನೋಡಿ ಮಾಡಿದ್ದು. ರಾತ್ರಿ ಮೂರು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದ್ರೆ ಬೋರ್‌ವೆಲ್ ಹತ್ರ ಹೋಗೋರಿಗೆ ಟಾರ್ಚು ಅಲಂಕಾರ ಅಲ್ಲ. ಮಾಲೂರು ಕಡೆ ಇಟ್ಟಿಗೆ ಗೂಡಲ್ಲಿ, ಕಲ್ಲು ಕ್ವಾರಿಯಲ್ಲಿ ಧೂಳು ಹೆಂಗಿರುತ್ತೆ ಅಂತ ಗೊತ್ತಿದ್ದೋರಿಗೆ ಆ ಕೀಪ್ಯಾಡ್ ಬೆಲೆ ಗೊತ್ತು.

ತಪ್ಪಾದಾಗ ಒಪ್ಪಿಕೊಂಡ ರೀತಿಯೂ ಹಾಗೇ. 2007ರ ಆಗಸ್ಟ್‌ನಲ್ಲಿ ಬಿಎಲ್-5ಸಿ ಬ್ಯಾಟರಿ ಚಾರ್ಜ್ ಹಾಕಿದಾಗ ಬಿಸಿಯಾಗುತ್ತೆ ಅಂತ ಗೊತ್ತಾದಾಗ, ಮಾತ್ಸುಶಿತಾ ಕಂಪನಿ ಮಾಡಿಕೊಟ್ಟಿದ್ದ 4.6 ಕೋಟಿ ಬ್ಯಾಟರಿಗಳಿಗೆ ಉಚಿತ ಬದಲಿ ಕೊಡ್ತೀವಿ ಅಂದ್ರು. ಬ್ಯಾಟರಿ ಹಿಂದಿನ 26 ಅಕ್ಷರದ ಸಂಖ್ಯೆ ನೋಡಿದ್ರೆ ಸಾಕಿತ್ತು. ಹೊಸ ಫ್ಲ್ಯಾಗ್‌ಶಿಪ್ ಆ ಹೆಸರು ಹೊತ್ತು ಬರೋದಾದ್ರೆ ಧೂಳು, ನೀರು ತಡೆಯೋ ಐಪಿ68 ದರ್ಜೆ ಇರಲಿ, ಚಪ್ಪಟೆ ಪರದೆ ಇರಲಿ, ಬ್ಯಾಟರಿ ಸುಲಭಕ್ಕೆ ಬದಲಾಗಲಿ. 200 ಮೆಗಾಪಿಕ್ಸೆಲ್ ಆಮೇಲೆ.

ಕಪ್ಪುಬಿಳುಪು:

ಕ್ಯಾಮೆರಾವನ್ನು ಆಮೇಲೆ ಅನ್ನಬೇಡಿ, ಆ ಹೆಸರು ಮೇಲೇರಿದ್ದೇ ಅಲ್ಲಿ.

2012ರ ಫೆಬ್ರವರಿಯಲ್ಲಿ ತೋರಿಸಿದ ನೋಕಿಯಾ 808 ಪ್ಯೂರ್‌ವ್ಯೂನಲ್ಲಿ 41 ಮೆಗಾಪಿಕ್ಸೆಲ್, 1/1.2 ಇಂಚಿನ ಸೆನ್ಸರ್ ಇತ್ತು. ಅದರ ಉದ್ದೇಶ 41 ಮೆಗಾಪಿಕ್ಸೆಲ್ ಫೋಟೋ ಕೊಡುವುದಲ್ಲ. ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಕೂಡಿಸಿ 5 ಮೆಗಾಪಿಕ್ಸೆಲ್‌ನ ಶುದ್ಧ ಚಿತ್ರ ಕೊಡುವುದು, ಝೂಮ್ ಮಾಡಿದಾಗ ಬರೀ ನಡುವಿನ ಭಾಗ ಬಳಸಿ ವಿವರ ಉಳಿಸುವುದು. ಇವತ್ತಿನ 200 ಮೆಗಾಪಿಕ್ಸೆಲ್ ಸೆನ್ಸರ್‌ಗಳೂ 16 ಪಿಕ್ಸೆಲ್ ಕೂಡಿಸಿ 12.5 ಮೆಗಾಪಿಕ್ಸೆಲ್ ಕೊಡುವುದು ಇದೇ ದಾರಿಯಲ್ಲಿ. ಅದಕ್ಕೆ ತೆತ್ತ ಬೆಲೆ ದಪ್ಪ: 808 ಮೈ 13.9 ಮಿ.ಮೀ., ಕ್ಯಾಮೆರಾ ಇದ್ದ ಕಡೆ 18ರ ಹತ್ತಿರ. ಸೆನ್ಸರ್ ದೊಡ್ಡದಾದಷ್ಟೂ ಲೆನ್ಸ್ ಅದರಿಂದ ದೂರ ನಿಲ್ಲಬೇಕು, ಅದನ್ನು ಯಾವ ಸಾಫ್ಟ್‌ವೇರೂ ಸುಳ್ಳು ಮಾಡಲಾರದು. ಮುಂದಿನ ವರ್ಷ ಲೂಮಿಯಾ 1020 ಅದನ್ನು 10.4 ಮಿ.ಮೀ.ಗೆ ಇಳಿಸಿತು, ಆದರೆ ಸೆನ್ಸರ್ 1/1.5 ಇಂಚಿಗೆ ಕುಗ್ಗಿತು. ಬದಲಿಗೆ ಲೆನ್ಸ್ ಅಲುಗಾಟ ತಡೆಯುವ ವ್ಯವಸ್ಥೆ ಬಂತು. ಎರಡರಲ್ಲೂ ಕ್ಸೆನಾನ್ ಫ್ಲ್ಯಾಶ್. ಓಡುವ ಮಗುವನ್ನು ಕತ್ತಲಲ್ಲಿ ಹಿಡಿಯಲು ಇವತ್ತಿನ ಎಲ್‌ಇಡಿಗಿಂತ ಅದು ಎಷ್ಟೋ ವಾಸಿ, ಯಾಕೆಂದರೆ ಬೆಳಕು ಸೆಕೆಂಡಿನ ಸಣ್ಣ ಚೂರಿನಲ್ಲಿ ಸುರಿದು ಮುಗಿಯುತ್ತದೆ.

ಆಮೇಲೆ 2019ರ ನೋಕಿಯಾ 9 ಪ್ಯೂರ್‌ವ್ಯೂ. ತಲಾ 12 ಮೆಗಾಪಿಕ್ಸೆಲ್‌ನ ಐದು ಕ್ಯಾಮೆರಾ, ಎರಡು ಬಣ್ಣದವು, ಮೂರು ಕಪ್ಪುಬಿಳುಪು. ಐದೂ ಒಟ್ಟಿಗೆ ತೆಗೆದು ಬೆಸೆಯಬೇಕು. ಕಪ್ಪುಬಿಳುಪು ಸೆನ್ಸರ್ ಮೇಲೆ ಬಣ್ಣದ ಸೋಸುಕ ಇಲ್ಲದ ಕಾರಣ ಹೆಚ್ಚು ಬೆಳಕು ಹಿಡಿಯುತ್ತದೆ ಎಂಬ ಯೋಚನೆ ಸರಿಯೇ ಇತ್ತು. ಕೈಕೊಟ್ಟದ್ದು ವೇಗ. ಒಂದು ಫೋಟೋ ಬೆಸೆದು ಮುಗಿಯಲು ಹಲವು ಸೆಕೆಂಡು. ಒಂದು ದೊಡ್ಡ ಸೆನ್ಸರ್ ಮಾಡುವ ಕೆಲಸವನ್ನು ಐದು ಸಣ್ಣವು ಹಂಚಿಕೊಂಡಾಗ ಬರುವ ತೊಂದರೆ ಇದು.

ಜೈಸ್ ಬಗ್ಗೆ ಒಂದು ಮಾತು. ಎಚ್‌ಎಂಡಿ ಜೊತೆಗಿನ ಜೈಸ್ ಒಪ್ಪಂದ 2023ರಲ್ಲೇ ಮುಗಿಯಿತು. ಜೈಸ್ ಈಗ ಬೇರೆ ಕಂಪನಿಯ ಜೊತೆಗಿದೆ. ಹೊಸ ಒಪ್ಪಂದದ ಘೋಷಣೆ ಇಲ್ಲದೆ ಜೈಸ್ ಮುದ್ರೆ ಇರುವ ಚಿತ್ರ ಕಂಡರೆ ಅದನ್ನು ಯಾರೋ ಬಿಡಿಸಿದ್ದಾರೆ ಎಂದೇ ತಿಳಿಯಿರಿ.

ಬಿಎಲ್5ಸಿ:

9 ಸೋತಿದ್ದು ಕ್ಯಾಮೆರಾದಿಂದ ಅಲ್ಲ ಸಾರ್. 2019ರಲ್ಲಿ ಬೇರೆಯವರು ಸ್ನಾಪ್‌ಡ್ರ್ಯಾಗನ್ 855 ಚಿಪ್ ಹಾಕ್ತಿದ್ದಾಗ ಇದರಲ್ಲಿ 845. ಬ್ಯಾಟರಿ 3320. ಜುಲೈನಲ್ಲಿ ಇಲ್ಲಿಗೆ ಬಂದಾಗ ಬೆಲೆ 49,999.

ಕಪ್ಪುಬಿಳುಪು:

ಎರಡೂ ಒಂದೇ ಕಾರಣದ ಎರಡು ಮುಖ. ಆ ಐದು ಕ್ಯಾಮೆರಾಗಳ ತಂತ್ರ ಹಳೆಯ ಚಿಪ್‌ಗೆ ಕಟ್ಟಿಬಿದ್ದಿತ್ತು, ಹೊಸದಕ್ಕೆ ಒಗ್ಗಿಸಲು ಸಮಯ ಹಿಡಿಯುತ್ತಿತ್ತು. ಆಂಡ್ರಾಯ್ಡ್ 9ರಲ್ಲಿ ಬಂದ ಫೋನು 10ಕ್ಕೆ ನಿಂತುಹೋಯಿತು, 11 ಸಿಗಲೇ ಇಲ್ಲ, ಅದಕ್ಕೂ ಕ್ಯಾಮೆರಾ ಹೊಂದಾಣಿಕೆಯೇ ಕಾರಣ. ಹೊಸ ಫೋನಿನ ಸುದ್ದಿಯಲ್ಲಿ ‘ಯಾರಲ್ಲೂ ಇಲ್ಲದ ಕ್ಯಾಮೆರಾ ವ್ಯವಸ್ಥೆ’ ಎಂಬ ಮಾತು ಬಂದರೆ ನಾನು ಹೆದರುತ್ತೇನೆ. ಎಲ್ಲರೂ ಬಳಸುವ ದೊಡ್ಡ ಸೆನ್ಸರ್, ಅದರ ಮೇಲೆ ಒಳ್ಳೆಯ ಬಣ್ಣ ಎಂದರೆ ಕೊಳ್ಳುವವರಿಗೆ ಒಳ್ಳೆಯದು.

ಬಣ್ಣ ಎಂದಾಗ ನಮ್ಮ ಜಿಲ್ಲೆಗೆ ಬೇಕಾದ ಪರೀಕ್ಷೆ ಒಂದಿದೆ. ಎಪಿಎಂಸಿಯಲ್ಲಿ ಬೆಳಗಿನ ಜಾವ ಟೊಮೇಟೊ ಬಾಕ್ಸಿನ ಫೋಟೋ ತೆಗೆದು ಹೊರಗಿನ ವ್ಯಾಪಾರಿಗೆ ಕಳಿಸುವವರು ನೂರಾರು. ಹಲವು ಫೋನ್‌ಗಳು ಕೆಂಪನ್ನು ಎಷ್ಟು ಏರಿಸುತ್ತವೆ ಎಂದರೆ 15 ಕೆ.ಜಿ. ಬಾಕ್ಸಿನ ಮೇಲ್ಪದರ ಒಂದೇ ಕೆಂಪು ಮುದ್ದೆಯಾಗಿ, ಅರೆಗಾಯಿ ಯಾವುದು, ಪೂರ್ತಿ ಹಣ್ಣು ಯಾವುದು ಗೊತ್ತಾಗುವುದಿಲ್ಲ. ಕೆಂಪು ವಾಹಿನಿ ತುಂಬಿ ಹರಿದರೆ ಆಮೇಲೆ ತಿದ್ದಲು ಅಲ್ಲಿ ವಿವರವೇ ಉಳಿದಿರುವುದಿಲ್ಲ. ಅದಕ್ಕೆ ಕ್ಯಾಮೆರಾದ ಎಕ್ಸ್‌ಪೋಷರ್ (ಇವಿ) ಅನ್ನು -0.7ಕ್ಕೆ ಇಳಿಸಿ ತೆಗೆಯಿರಿ. ದೀಪದ ಕೆಳಗೆ ಅಡ್ಡ ಪಟ್ಟಿಗಳು ಕಂಡರೆ ಪ್ರೊ ಮೋಡ್‌ನಲ್ಲಿ ಶಟರ್ 1/100 ಅಥವಾ 1/50ಕ್ಕೆ ಇಡಿ: ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ ಆ ತಾಳಕ್ಕೆ ಸೇರಿದರೆ ಪಟ್ಟಿ ಮಾಯ. ಹೊಸ ಫೋನು ಬಂದ ದಿನ ಅಂಗಡಿಯಲ್ಲಿ ಒಂದು ಟೊಮೇಟೊ ಹಿಡಿದು ಇಷ್ಟು ನೋಡಿದರೆ ಸಾಕು.

ನಂಗಲಿಗಡಿ:

ಯಾರೂ ಬ್ಯಾಂಡ್, ಅಂದ್ರೆ ನೆಟ್‌ವರ್ಕ್ ಬಳಸೋ ಅಲೆಗಳ, ಮಾತೇ ಎತ್ತಿಲ್ಲ. ಸುದ್ದಿ ಕೇಳಿ ಹೊರದೇಶದಿಂದ ತರಿಸೋರು ಇದನ್ನ ಓದಿ.

ಜಿಯೋ 5ಜಿ ಎನ್78 ಮತ್ತು ಎನ್28 ಮೇಲಿದೆ, ಎನ್258 ಕೂಡ ಅವರ ಹತ್ರ ಇದೆ, ಆದ್ರೆ ಅದು ಕಿಟಕಿ ದಾಟದ ಅಲೆ, ಹಳ್ಳಿಗೆ ಬೇಡ. ಎನ್28 ಅಂದ್ರೆ 700 ಮೆಗಾಹರ್ಟ್ಜ್, ದೂರ ಹೋಗುತ್ತೆ, ಗೋಡೆ ದಾಟುತ್ತೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ತೋಟದ ಮನೆಯೊಳಗೆ 5ಜಿ ಹಿಡಿಯುತ್ತಾ ಇಲ್ವಾ ಅನ್ನೋದು ಹೆಚ್ಚಾಗಿ ಇದರ ಮೇಲೇ ನಿಂತಿದೆ. ಏರ್‌ಟೆಲ್ 5ಜಿಗೆ ಎನ್78 ಮುಖ್ಯ. 4ಜಿಯಲ್ಲಿ ಜಿಯೋಗೆ ಬ್ಯಾಂಡ್ 3, 5, 40. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್ 4ಜಿಗೆ 1 ಮತ್ತು 28. ಪಟ್ಟಿಯಲ್ಲಿ 28 ಇಲ್ಲದ ಫೋನಿಗೆ ಊರಾಚೆ ಬಿಎಸ್‌ಎನ್‌ಎಲ್ ಸಿಮ್ ಹಾಕಿ ಕಂಪನಿಯನ್ನ ಬೈದು ಪ್ರಯೋಜನ ಇಲ್ಲ.

ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಫೋನಲ್ಲಿ ಆ ಕಂಪನಿಯ ವೋಲ್ಟಿ (4ಜಿ ಮೇಲೇ ಕರೆ ಮಾಡೋ ವ್ಯವಸ್ಥೆ) ಪ್ರೊಫೈಲ್ ಇಲ್ಲಾಂದ್ರೆ ಇಂಟರ್ನೆಟ್ ಓಡುತ್ತೆ, ಕರೆ ಮಾತ್ರ ಹೋಗಲ್ಲ. ಹೊರದೇಶದ ಮಾದರಿಗಳಲ್ಲಿ ಇದು ಸಾಮಾನ್ಯ ತೊಂದರೆ. ಅಂಗಡಿಯಲ್ಲಿ ಸಿಮ್ ಹಾಕಿ ಒಂದು ಕರೆ ಮಾಡಿ, ಕರೆ ನಡೀತಿರುವಾಗಲೇ ಮೇಲಿನ ಪಟ್ಟಿಯಲ್ಲಿ 4ಜಿ ಅಥವಾ 5ಜಿ ಗುರುತು ಉಳಿದಿದೆಯಾ ನೋಡಿ. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿದ್ರೆ ಫೋನ್ ಮಾಹಿತಿ ಪುಟದಲ್ಲಿ ಸಂಪರ್ಕದ ವಿವರ ಸಿಗುತ್ತೆ.

ಮಾವಿನತೋಪು:

ಹೊಸದು ಬರೋ ತನಕ ಸೆಕೆಂಡ್ ಹ್ಯಾಂಡ್ ನೋಕಿಯಾ 9 ತಗೊಂಡ್ರೆ ಹೇಗೆ? ಕಡಿಮೆಗೆ ಸಿಗ್ತಿದೆ. 808 ಕೂಡ ಒಂದು ನೋಡಿದೆ.

ಬೆಸುಗೆಮೇಜು:

808 ಸಂಗ್ರಹಕ್ಕೆ ತಗೊಳ್ಳಿ, ದಿನಬಳಕೆಗೆ ಬೇಡ. 4ಜಿ ಇಲ್ಲ, ಜಿಯೋ ಸಿಮ್ ಕೆಲಸ ಮಾಡಲ್ಲ. ಅದರ ಸಿಂಬಿಯನ್ ಸಾಫ್ಟ್‌ವೇರ್‌ಗೆ ವಾಟ್ಸಾಪ್ 2017ರ ಜೂನ್ ಕೊನೆಗೇ ನಿಂತಿದೆ. ಸುಮ್ನೆ ಇಡೋದಾದ್ರೆ ಬ್ಯಾಟರಿಯನ್ನ ಅರ್ಧ ಚಾರ್ಜ್‌ಗೆ ತಂದು ಹೊರಗೆ ತೆಗೆದಿಡಿ.

9ಕ್ಕೆ ಆಂಡ್ರಾಯ್ಡ್ 10 ಕೊನೆ. ಭದ್ರತಾ ಅಪ್‌ಡೇಟ್ ನಿಂತ ಫೋನಲ್ಲಿ ಬ್ಯಾಂಕ್ ಆ್ಯಪ್, ಯುಪಿಐ ಇಡೋದು ಒಳ್ಳೇದಲ್ಲ. ಪರದೆ ಕೆಳಗಿನ ಬೆರಳಚ್ಚು ಓದುಗ ಮೊದಲಿಂದಲೂ ನಿಧಾನ. ಪರದೆ ಒಡೆದ್ರೆ ಬೆಂಗಳೂರಿನ ಎಸ್‌.ಪಿ. ರೋಡಲ್ಲೂ ಹುಡುಕಾಟ. ಸಿಕ್ಕಿದ್ದು ಇನ್ನೊಂದು ಕೆಟ್ಟ ಫೋನಿಂದ ಬಿಚ್ಚಿದ್ದಾಗಿರುತ್ತೆ.

ಯಾವ ಹಳೇ ಫೋನ್ ತಗೊಂಡ್ರೂ ದುಡ್ಡು ಕೊಡೋ ಮೊದಲು *#06# ಒತ್ತಿ, ಬರೋ 15 ಅಂಕಿಯ ಎರಡೂ ಐಎಂಇಐ (ಫೋನಿನ ಗುರುತು ಸಂಖ್ಯೆ) ಬರ್ಕೊಳ್ಳಿ. ಕೆವೈಎಂ ಅಂತ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಎರಡು ಸಂಖ್ಯೆಗೂ ಬೇರೆ ಬೇರೆ ಮಾಡಿ. ಕಪ್ಪುಪಟ್ಟಿ, ನಕಲು ಅಂತ ಉತ್ತರ ಬಂದ್ರೆ ಎದ್ದು ಬನ್ನಿ. ಆಮೇಲೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ‘ಸಾಧನ ಪ್ರಮಾಣೀಕೃತ’ ಅಂತ ಇದೆಯಾ ನೋಡಿ. ಹಿಂಬದಿ ಗಾಜಿನ ಅಂಚಲ್ಲಿ ಉಗುರು ಆಡಿಸಿ. ಎದ್ದಿದ್ರೆ ಒಂದೋ ಬಿಚ್ಚಿದ್ದಾರೆ, ಇಲ್ಲಾ ಬ್ಯಾಟರಿ ಉಬ್ಬಿದೆ.

ರಾಬರ್ಟ್‌ಸನ್‌ಪೇಟೆ:

ಬೆಲೆ ಎಷ್ಟಾಗಬಹುದು ಅಂತ ಯಾರಾದ್ರೂ ಅಂದಾಜು ಕೊಡಿ.

ಬಂಗಾರಪೇಟೆ ಕೌಂಟರ್:

ಬೆಲೆ ಹೇಳೋಕೆ ಆಗಲ್ಲ, ಬೆಲೆ ಬಿಡಿಸಿ ತೋರಿಸಬಹುದು. ಮೊಬೈಲ್ ಮೇಲೆ 2020ರ ಏಪ್ರಿಲ್‌ನಿಂದ ಜಿಎಸ್‌ಟಿ 18%. ಅಂಗಡಿಯಲ್ಲಿ 70,000 ಅಂದ್ರೆ ಅದರಲ್ಲಿ 10,678 ರೂಪಾಯಿ ತೆರಿಗೆ, ಉಳಿದ 59,322 ಕಂಪನಿ, ವಿತರಕ, ಅಂಗಡಿ ಎಲ್ಲರದ್ದೂ ಸೇರಿ. ಪೂರ್ತಿ ಫೋನನ್ನೇ ಆಮದು ಮಾಡಿದ್ರೆ ಮೂಲ ಸುಂಕ 15%, 2024ರ ಜುಲೈ ಬಜೆಟ್‌ಗೆ ಮೊದಲು 20% ಇತ್ತು. ಇಲ್ಲೇ ಜೋಡಿಸಿದ್ರೆ ಆ ಭಾರ ಇಲ್ಲ. ಹಾಗಾಗಿ ಫೋನು ಭಾರತದಲ್ಲಿ ಜೋಡಣೆ ಆಗುತ್ತಾ ಅನ್ನೋ ಸುದ್ದಿ ಬೆಲೆಯ ಬಗ್ಗೆ ಯಾವ ಲೀಕ್‌ಗಿಂತ ಹೆಚ್ಚು ಹೇಳುತ್ತೆ. ಬಿಐಎಸ್ ದಾಖಲೆಯಲ್ಲಿ ಘಟಕದ ಊರು ನೋಡಿ ಅಂದಿದ್ದು ಇದಕ್ಕೂ ಸೇರಿ.

ನೋಕಿಯಾ 8, 2017ರಲ್ಲಿ ಇಲ್ಲಿಗೆ ಬಂದಿದ್ದು 36,999ಕ್ಕೆ. ಅದರ ಚಿಪ್ ಆ ವರ್ಷದ ಮೇಲ್ದರ್ಜೆಯದೇ. ನ್ಯಾಯವಾದ ಬೆಲೆ ಅಂತ ಈಗಲೂ ಅನ್ನಿಸುತ್ತೆ. ಆ ಮಟ್ಟ ಈಗ ಸಾಧ್ಯ ಇಲ್ಲ.

ಅಂತರಗಂಗೆ ಮೆಟ್ಟಿಲು:

ಬೆಲೆಗಿಂತ ನನಗೆ ಮುಖ್ಯ ಅನ್ನಿಸೋದು ಎಷ್ಟು ವರ್ಷದ ಮಾತು ಕೊಡ್ತಾರೆ ಅನ್ನೋದು. 2023ರಲ್ಲಿ ಪಿಕ್ಸೆಲ್ 8, 2024ರಲ್ಲಿ ಗ್ಯಾಲಕ್ಸಿ ಎಸ್24 ಏಳು ವರ್ಷ ಅಂತ ಹೇಳಾಗಿದೆ. ಯುರೋಪಲ್ಲಿ 2025ರ ಜೂನ್ 20ರಿಂದ ನಿಯಮವೇ ಬಂದಿದೆ: ಮಾರಾಟ ನಿಲ್ಲಿಸಿದ ಮೇಲೆ ಕನಿಷ್ಠ 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್, 7 ವರ್ಷ ಬಿಡಿಭಾಗ, 800 ಸಲ ಚಾರ್ಜ್ ಆದ ಮೇಲೂ ಬ್ಯಾಟರಿಯಲ್ಲಿ 80% ಉಳಿದಿರಬೇಕು. ಅಲ್ಲಿ ಮಾರೋ ಫೋನಿಗೆ ಇದು ಕಡ್ಡಾಯ, ಇಲ್ಲಿಗೆ ಕಡ್ಡಾಯ ಅಲ್ಲ. ಒಂದೇ ಫೋನ್ ಎರಡೂ ಕಡೆ ಬಂದ್ರೆ ಭಾರತದ ಪುಟದಲ್ಲಿ ವರ್ಷ ಕಮ್ಮಿ ಬರೆದಿದ್ದಾರಾ ಅಂತ ಹೋಲಿಸಿ ನೋಡಿ.

ರಿಪೇರಿ ವಿಷಯದಲ್ಲಿ ಮಾತ್ರ ನನಗೆ ನಿಜವಾದ ನಿರೀಕ್ಷೆ ಇದೆ. 2023ರ ನೋಕಿಯಾ ಜಿ22ರಲ್ಲಿ ಬ್ಯಾಟರಿ, ಪರದೆ, ಚಾರ್ಜಿಂಗ್ ಪೋರ್ಟ್ ಮನೆಯಲ್ಲೇ ಬದಲಾಯಿಸೋ ಹಾಗೆ ಮಾಡಿದ್ರು. ಸ್ಕೈಲೈನ್‌ನಲ್ಲಿ ಒಂದೇ ಸ್ಕ್ರೂ ಸಡಿಲಿಸಿದ್ರೆ ಹಿಂಬದಿ ತೆರೆಯುತ್ತೆ. ಅದನ್ನ ಫ್ಲ್ಯಾಗ್‌ಶಿಪ್‌ಗೂ ತಂದ್ರೆ ಬಿಎಲ್5ಸಿ ಅವರು ಕೇಳಿದ್ದು ಸಿಕ್ಕ ಹಾಗೆ.

ಬೆಸುಗೆಮೇಜು:

ಅದರ ಜೊತೆ ಐಪಿ68 ಬೇಕು ಅಂದ್ರೆ ಅಂಟಿನ ಬದಲು ರಬ್ಬರ್ ಸುತ್ತುಬಳೆ, ನಾಲ್ಕಾರು ಸ್ಕ್ರೂ ಬೇಕು, ದಪ್ಪ ಒಂದು ಮಿ.ಮೀ. ಏರುತ್ತೆ. ಏರಲಿ.

ಮಾವಿನತೋಪು:

ಸರಿ, ಕಾಯ್ತೀನಿ. ಆದ್ರೆ ಈಗಿರೋ ಫೋನ್ ಸಂಜೆ ನಾಲ್ಕಕ್ಕೇ ಮಲಗಿಬಿಡುತ್ತೆ. ಏನ್ಮಾಡ್ಲಿ?

ಬೆಸುಗೆಮೇಜು:

ಬ್ಯಾಟರಿ ಬದಲಾಯಿಸಿ, ಇನ್ನೂ ಎರಡು ವರ್ಷ ಓಡುತ್ತೆ. ಕೊಡೋ ಮೊದಲು ಚಾರ್ಜ್ 25%ಕ್ಕಿಂತ ಕೆಳಗಿಳಿಸಿ, ತುಂಬಿದ ಸೆಲ್‌ಗೆ ಪೆಟ್ಟು ಬಿದ್ರೆ ಬೆಂಕಿ ಹೆಚ್ಚು. ಕೆಲಸ ಮಾಡೋರು ಹಿಂಬದಿಯನ್ನ 80 ಡಿಗ್ರಿ ಆಸುಪಾಸು ಬಿಸಿ ಮಾಡಿ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬಿಡಿಸಬೇಕು. ಒಳಗೆ ಮೊದಲು ಬಿಚ್ಚಬೇಕಾದ್ದು ಬ್ಯಾಟರಿ ಕನೆಕ್ಟರ್, ಅದನ್ನ ಬಿಟ್ಟು ಪರದೆ ಪಟ್ಟಿಗೆ ಕೈ ಹಾಕಿದ್ರೆ ಬ್ಯಾಕ್‌ಲೈಟ್ ಹೋಗೋ ಸಂಭವ ಇದೆ. ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಬಿಟ್ಟು ಎರಡು ನಿಮಿಷ ಕಾದ್ರೆ ಸೆಲ್ ತಾನಾಗೇ ಸಡಿಲ ಆಗುತ್ತೆ. ಲೋಹದ ಚಾಕು ಹಾಕಿ ಮೀಟೋಕೆ ಶುರು ಮಾಡಿದ್ರೆ ಫೋನ್ ವಾಪಸ್ ತಗೊಳ್ಳಿ.

ಹೊಸ ಸೆಲ್ ಮೇಲೂ ಆರ್ ಸಂಖ್ಯೆ ಇರಬೇಕು, ಆ್ಯಪಲ್ಲಿ ಹಾಕಿ ನೋಡಿ. ಮುಚ್ಚುವಾಗ ಹಳೇ ಅಂಟು ಕೆರೆದು ಹೊಸ ಅಂಟುಪಟ್ಟಿ ಹಾಕಿಸಿ, ಆದ್ರೂ ಆ ಫೋನನ್ನ ಇನ್ಮೇಲೆ ನೀರಿಗೆ ತಡೆಯುತ್ತೆ ಅಂತ ನಂಬಬೇಡಿ. ಮಾವಿನ ತೋಟಕ್ಕೆ ಔಷಧಿ ಹೊಡೆಯೋವಾಗ ಫೋನ್ ಜೇಬಿನಿಂದ ತೆಗೆದಿಡಿ.